ತಿಕೋಟಾದ ಬಾವಿಯಲ್ಲಿ ಲಾಂಚಿನ ಇಂಜಿನ್

ಗೋವಾ ಬಿಡುಗಡೆಯಾದ ಮರುವರ್ಷ ಅಮೋಘಿ ಅಲ್ಲಿಯ ಹಳೆಯ ಲಾಂಚೊಂದರ ಇಂಜಿನ್ನನ್ನು ಲಾರಿಗೆ ಹೇರಿಸಿಕೊಂಡು ತಿಕೋಟಾಕ್ಕೆ ಬಂದಾಗ ಊರಿಗೆ ಊರೇ ನಕ್ಕಿತು. ಸಮುದ್ರ ಕಂಡ ಇಂಜಿನ್ನಿಗೆ ಈ ಎರೆ ಹೊಲದಲ್ಲಿ ಏನು ಕೆಲಸ ಎಂದು ಕೇಳದವರಿಲ್ಲ. ಅವನ ಹೆಂಡತಿ ಬೋರವ್ವ ಮಾತ್ರ ನಗಲಿಲ್ಲ. ಬಾವಿಯ ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೆ ಕೂತ ಇಂಜಿನ್ ಮೊದಲ ದಿನ ಗುಡುಗಿ, ಪಂಪಿನಿಂದ ನೀರು ಚಿಮ್ಮಿಸಿದಾಗ ಅವಳಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಆ ನೀರನ್ನು ನಂಬಿಯೇ ಅವಳು ದ್ರಾಕ್ಷಿಯ ಕಡ್ಡಿಗಳನ್ನು ಕೈಯಾರೆ ನೆಟ್ಟಿದ್ದಳು.

ಬೇಸಿಗೆ ಬಂದು ಬಾವಿಯ ನೀರು ಇಳಿಯುತ್ತಲೇ ಇಂಜಿನ್ನಿಗೆ ಕಾವು ಹತ್ತಿತು. ಒಂದು ಸಾಲು ನೀರುಣ್ಣುವುದರೊಳಗೆ ಮೈಯೆಲ್ಲ ಕೆಂಡವಾಗಿ ಹಬೆ ಬಿಡುತ್ತಿತ್ತು, ನಿಲ್ಲಿಸದೆ ಗತಿಯಿರಲಿಲ್ಲ. ದ್ರಾಕ್ಷಿಯ ಚಿಗುರು ಜೋತುಬಿದ್ದವು. ಅತ್ತೆ ತಿಪ್ಪವ್ವ ಮೊದಲಿನಿಂದಲೂ ಈ ಕಬ್ಬಿಣದ ಸೊಸೆಯನ್ನು ಮನೆ ತುಂಬಿಸಿಕೊಂಡಿರಲಿಲ್ಲ. ಸೋಮವಾರದೊಳಗೆ ಅದು ನೆಟ್ಟಗಾಗದಿದ್ದರೆ ಗುಜರಿಗೆ ಹಾಕಿ, ದ್ರಾಕ್ಷಿ ಕಿತ್ತು, ಮತ್ತೆ ಎತ್ತು ಹೂಡಿ ನೀರೆತ್ತಿ ಉಳ್ಳಾಗಡ್ಡಿ ಹಚ್ಚುವುದೆಂದು ಹೇಳಿಬಿಟ್ಟಳು. ಆ ಮನೆಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ.

ವಿಜಾಪುರದಿಂದ ಮುರ್ತುಜಾಸಾಬ ಬಂದ. ಮುಂಬಯಿ ಬಂದರದಲ್ಲಿ ಲಾಂಚುಗಳನ್ನೇ ರಿಪೇರಿ ಮಾಡಿದ ಮೇಸ್ತ್ರಿ. ಹಳೆಯ ಬೀಗರು ಸಿಕ್ಕಂತೆ ಇಂಜಿನ್ನಿನ ಬೆನ್ನು ಚಪ್ಪರಿಸಿದ. ಲಾಂಚಿನ ಇಂಜಿನ್ ಮೈ ತಂಪಿಗೆ ಹೊರಗಿನ ನೀರನ್ನೇ ಹೀರುತ್ತದೆ, ಇಲ್ಲಿ ಅದಕ್ಕೆಂದೇ ಸಣ್ಣ ರಬ್ಬರ್ ಪೈಪೊಂದನ್ನು ಬಾವಿಗೆ ಇಳಿಬಿಟ್ಟಿದೆ, ಐಬು ಆ ದಾರಿಯಲ್ಲೇ ಇರಬೇಕು ಎಂದ. ಪಂಪು ತಿರುಗಿಸುವ ಪಟ್ಟಾ ನೋಡಿದ, ನೀರು ಹೀರುವ ಸಣ್ಣ ಪಂಪು ಬಿಚ್ಚಿ ನೋಡಿದ. ಇಂಜಿನ್ ನಿಲ್ಲಿಸಿ ಪೈಪು ಮೇಲೆಳೆದು ಅದರ ಬಾಯಿಗೆ ಕಸ ತಡೆಯಲು ಕಟ್ಟಿದ್ದ ಜಾಳಿಗೆ ನೋಡಿದ. ಬೆಳಗಿಟ್ಟ ತಾಟಿನಷ್ಟು ಚೊಕ್ಕ. ಮತ್ತೆ ಚಾಲೂ ಮಾಡಿದರೆ ಮತ್ತೆ ಕೆಂಡ. ಮೇಸ್ತ್ರಿ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಬೇವಿನ ನೆರಳಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ತಿಪ್ಪವ್ವ ಗುಜರಿಯವನಿಗೆ ಹೇಳಿಕಳಿಸುವ ಮಾತು ತೆಗೆದಳು.

ಮೇಸ್ತ್ರಿ ಇನ್ನೊಮ್ಮೆ ಇಂಜಿನ್ ಚಾಲೂ ಮಾಡಿದಾಗ ಬೋರವ್ವ ನೀರು ತರಲು ಕೊಡ ಹಿಡಿದು ಮೆಟ್ಟಿಲಿಳಿದಿದ್ದಳು. ನೀರೊಳಗೆ ಕೆಂಪಂಚಿನ ಹಸಿರು ಬಟ್ಟೆಯೊಂದು ಮೆಲ್ಲಗೆ ತೇಲಿ ಬಂದು ಪೈಪಿನ ಬಾಯಿಗೆ ಗಪ್ಪನೆ ಅಂಟಿಕೊಂಡಿತು. ಕಾವು ಏರಿ ಇಂಜಿನ್ ನಿಂತದ್ದೇ ತಡ, ಬಟ್ಟೆ ಬಿಟ್ಟುಕೊಂಡು ಆಳಕ್ಕಿಳಿಯಿತು.

ಬೋರವ್ವ ಕೊಡ ಮುಳುಗಿಸುವುದನ್ನು ಬಿಟ್ಟು ಬಗ್ಗಿ ನೋಡಿದಳು. ಅದು ಅವಳದೇ ಕುಪ್ಪಸದ ಖಣ. ಬಬಲೇಶ್ವರದ ತವರಲ್ಲಿ ಅವ್ವ ಕೊನೆಯ ಸಲ ಉಡಿ ತುಂಬಿದಾಗ ಕೊಟ್ಟದ್ದು, ಹೊಲಿಸಲು ಮನಸ್ಸು ಬಾರದೆ ಹಾಗೇ ಇಟ್ಟುಕೊಂಡದ್ದು. ಇಂಜಿನ್ ಮೊದಲು ನೀರೆತ್ತಿದ ದಿನ ನೀರಿನ ತಾಯಿ ಗಂಗವ್ವನಿಗೆ ಕೊಡಲು ಅದಕ್ಕಿಂತ ದೊಡ್ಡದು ಅವಳಲ್ಲಿ ಬೇರೆ ಇರಲಿಲ್ಲ. ಯಾರಿಗೂ ಹೇಳದೆ ಬಾವಿಗೆ ಬಿಟ್ಟಿದ್ದಳು. ಆಮೇಲೆ ಇಂಜಿನ್ ಕಾದಾಗಲೆಲ್ಲ, ತಂಪು ಮಾಡವ್ವಾ ಎಂದು ಅದೇ ಗಂಗವ್ವನಿಗೆ ಕೈ ಮುಗಿದದ್ದೇ ಮುಗಿದದ್ದು.

ಹೇಳಿದರೆ ಅತ್ತೆಯ ಬಾಯಿಗೆ ಬೀಳಬೇಕು. ಹೇಳದಿದ್ದರೆ ದ್ರಾಕ್ಷಿ ಹೋಗುತ್ತದೆ. ಬೋರವ್ವ ಬರಿಗೊಡ ಹಿಡಿದುಕೊಂಡು ದಡದಡ ಮೇಲೆ ಬಂದಳು.

"ಸಾಬರ, ನಿಂತಾಗ ನೋಡಬ್ಯಾಡ್ರಿ, ಇಂಜಿನ್ ಓಡೂವಾಗನ ಪೈಪು ಎಳೀರಿ," ಎಂದಳು. "ನಾ ಗಂಗವ್ವಗ ಕೊಟ್ಟ ಖಣಾನ ಅದರ ಬಾಯಿ ಮುಚ್ಚಾಕತ್ತೈತ್ರಿ."

ಎಳೆದರು. ಜಾಳಿಗೆಯನ್ನು ಅಪ್ಪಿಕೊಂಡೇ ಖಣ ಮೇಲೆ ಬಂತು. ಪಾಚಿ ಕಂಡೇನಿ, ಬಲೆ ಕಂಡೇನಿ, ಗುಳೇದಗುಡ್ಡದ ಖಣ ನುಂಗಿದ ಇಂಜಿನ್ ಇದೇ ಮೊದಲು ಎಂದು ಮುರ್ತುಜಾಸಾಬ ಹೊಟ್ಟೆ ಹಿಡಿದು ನಕ್ಕ. ಅಮೋಘಿ ಜಾಳಿಗೆಯ ಸುತ್ತ ತಂತಿಯ ಬುಟ್ಟಿ ಕಟ್ಟಿ ಪೈಪು ಇಳಿಬಿಟ್ಟ. ಇಂಜಿನ್ ಓಡಿತು. ನೀರು ಸಾಲಿನಿಂದ ಸಾಲಿಗೆ ಹರಿದು ಕೊನೆಯ ಕಡ್ಡಿಯ ಬುಡ ತೊಯ್ದಾಗಲೂ ಮೇಸ್ತ್ರಿಯ ಅಂಗೈ ಇಂಜಿನ್ನಿನ ಮೈಮೇಲೆಯೇ ಇತ್ತು. ಹಿತವಾಗಿ ಬೆಚ್ಚಗಿತ್ತು, ಅಷ್ಟೇ.

ತಿಪ್ಪವ್ವ ಎದ್ದು ಬಂದು ಖಣ ಹಿಂಡಿ ಕೊಡವಿದಳು. ಅದು ಯಾರು ಕೊಟ್ಟದ್ದೆಂದು ಕೇಳಿದಳು. ಅವ್ವನದು ಎಂದು ಬೋರವ್ವ ತಲೆ ತಗ್ಗಿಸಿದಳು. ಇನ್ನೇನು ಬೈಗುಳ ಬಂತು ಎಂದು ಅಮೋಘಿಯೂ ಆ ಕಡೆ ತಿರುಗಿ ನಿಂತ.

"ಇದನ್ನ ತಿರುಗಿ ಕೊಡಾಕ ಗಂಗವ್ವ ಎಷ್ಟು ಸಲ ಬಂದಾಳ, ನಮಗ ತಿಳೀಲಿಲ್ಲ ನೋಡು," ಎಂದಳು ತಿಪ್ಪವ್ವ. "ಉಡಿ ಒಡ್ಡವಾ. ಕುಪ್ಪಸಾ ಹೊಲಿಸ್ಕೋ. ಮೊದಲ ಗೊಂಚಲ ಕೊಯ್ಯೂ ದಿನ ಇದನ್ನ ತೊಟ್ಕೊಂಡು ಬಾ."

ಬೋರವ್ವ ಸೆರಗು ಒಡ್ಡಿದಳು. ಒದ್ದೆ ಖಣ ಉಡಿಗೆ ಬಿದ್ದಾಗ ಅವಳಿಗೆ ನಗು ತಡೆಯಲಾಗಲಿಲ್ಲ, ಕಣ್ಣೀರೂ ತಡೆಯಲಾಗಲಿಲ್ಲ.