ತೊಟ್ಟಿಗೆ ಕೊಟ್ಟ ಕಷ್ಟ

ನಮ್ಮ ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಅವನ್ನು ನೋಡಿಕೊಳ್ಳುವವಳು ನಾನು. ಗಾಳಿ ಕೊಟ್ಟು, ಬೆಚ್ಚಗಿಟ್ಟು, ಹೆತ್ತ ಮಕ್ಕಳ ಹಾಗೆ ಮುದ್ದು ಮಾಡಿದ್ದೆ. ತಿಂದು ತಿಂದು ಸಂಸಾರ ಬೆಳೆಸಿದವೇ ಹೊರತು ಆಮ್ಲ ಮಾತ್ರ ಅಷ್ಟಕ್ಕಷ್ಟೆ.

ಅಲ್ಲೇ ಪ್ರಯೋಗಾಲಯದಲ್ಲಿರುವ ನನ್ನ ನಾದಿನಿ ಬಂದು ಒಂದು ಔಷಧಿಯನ್ನು ಚಿಟಿಕೆಯಷ್ಟು ಬೆರೆಸಿದಳು. ಅದು ಬಿದ್ದರೆ ಬ್ಯಾಕ್ಟೀರಿಯಾಗಳು ಕೂಡಿಟ್ಟ ಶಕ್ತಿಯೆಲ್ಲ ಸೋರಿಹೋಗುತ್ತದಂತೆ.

"ಪಾಪ ಕಣೇ, ಸತ್ತುಹೋಗ್ತವೆ!" ಎಂದೆ.

"ಇಲ್ಲ ಅತ್ತಿಗೆ. ಶಕ್ತಿ ಸಾಲದೆ ಗಾಬರಿಬಿದ್ದು ಸಕ್ಕರೆನ ಗಬಗಬ ಉರಿಸ್ತವೆ. ಮೈ ಬೆಳೆಸೋಕೆ ಪುರುಸೊತ್ತೇ ಇರಲ್ಲ. ಸಕ್ಕರೆ ಅರ್ಧಂಬರ್ಧ ಉರಿದು ಆಮ್ಲ ಆಗಿ ಹೊರಗೆ ಬರುತ್ತೆ."

ಹಾಗೇ ಆಯಿತು. ಸಂಜೆಯ ಹೊತ್ತಿಗೆ ತೊಟ್ಟಿ ಹುಳಿಹುಳಿ.

ಇದನ್ನು ಕೇಳಿ ಮಾಲೀಕರ ಕಣ್ಣು ಅರಳಿತು. ಮರುದಿನವೇ ನಮ್ಮೆಲ್ಲರ ಟೀ ಬಂದ್! "ಸ್ವಲ್ಪ ಕಷ್ಟ ಕೊಟ್ರೆ ಕೆಲಸ ಜಾಸ್ತಿ ಆಗುತ್ತೆ. ವಿಜ್ಞಾನ ಇದು!" ಎಂದರು. ವಿಜ್ಞಾನವಂತೆ, ಮಣ್ಣಂಗಟ್ಟಿ! ಟೀ ಇಲ್ಲದೆ ನಾನು ಮನುಷ್ಯಳೇ ಅಲ್ಲ. ಮಧ್ಯಾಹ್ನದೊಳಗೆ ಫಿಟ್ಟರ್ ಜೊತೆ, ಚೀಲ ಹೊರುವವನ ಜೊತೆ, ಕೊನೆಗೆ ತೊಟ್ಟಿಯ ಜೊತೆಯೂ ಜಗಳವಾಡಿದೆ. ಹೀಗೇ ಮುಂದುವರಿದರೆ ಕೆಲಸ ಬಿಡುವುದೊಂದೇ ದಾರಿ ಎನ್ನಿಸಿ ಅಳು ಬಂತು.

ನಾದಿನಿ ನನ್ನ ಮುಖ ನೋಡಿದಳು. ಸೀದಾ ಹೋಗಿ ಮಾಲೀಕರ ಹೆಂಡತಿಗೆ ಫೋನ್ ಮಾಡಿ ಇಡೀ ವಿಜ್ಞಾನವನ್ನು ವಿವರಿಸಿದಳು. ಆಯಮ್ಮ ಬಹಳ ಆಸಕ್ತಿಯಿಂದ ಕೇಳಿಸಿಕೊಂಡರು. ಗಂಡನಿಂದ ಮನೆಗೆಲಸ ಮಾಡಿಸುವ ದಾರಿಯನ್ನು ಅವರು ಮದುವೆಯಾದಾಗಿನಿಂದ ಹುಡುಕುತ್ತಿದ್ದರಂತೆ.

ಮರುದಿನ ಮಾಲೀಕರು ತಿಂಡಿ ಇಲ್ಲದೆ, ಊಟದ ಡಬ್ಬಿಯೂ ಇಲ್ಲದೆ ಬಂದರು. ಬಾಗಿಲಿಗೆ ಬೈದರು, ಕುರ್ಚಿಗೆ ಬೈದರು. ಆಮೇಲೆ ಎಲ್ಲಿ ಹೋದರೋ ಪತ್ತೆಯಿಲ್ಲ. ಹುಡುಕಿಕೊಂಡು ನಾವಿಬ್ಬರೂ ಉಗ್ರಾಣಕ್ಕೆ ಹೋದರೆ, ಚೀಲಗಳ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಸಕ್ಕರೆ ಮುಕ್ಕುತ್ತಿದ್ದಾರೆ! ಮೀಸೆಯೆಲ್ಲ ಬೆಳ್ಳಗೆ.

ನಾನು ಇನ್ನೇನು ನಕ್ಕುಬಿಡುತ್ತಿದ್ದೆ, ನಾದಿನಿ ಕೈ ಚಿವುಟಿದಳು.

"ಎಲ್ಲಾ ಸರಿಯಾಗೇ ನಡೀತಿದೆ ಸಾರ್," ಎಂದಳು ಗಂಭೀರವಾಗಿ. "ಸಕ್ಕರೆ ಖಾಲಿ ಆಗ್ತಿದೆ. ಇನ್ನು ಆಮ್ಲ ಬರಬೇಕು."

ಮಾಲೀಕರು ಜೋರಾಗಿ ತೇಗಿದರು. ಹುಳಿ ತೇಗು. ಎದೆ ಉಜ್ಜಿಕೊಳ್ಳುತ್ತಾ, "ಬಂತಮ್ಮಾ," ಎಂದರು.

ಸ್ವಲ್ಪ ಹೊತ್ತಿಗೆಲ್ಲ ಟೀ ಬಂತು. ಅವರೇ ಹೊತ್ತು ತಂದಿದ್ದರು. ಪಾಪ ಅನ್ನಿಸಿ ಮೊದಲ ಲೋಟ ಅವರಿಗೇ ಕೊಟ್ಟೆ. ಸಕ್ಕರೆ ಮಾತ್ರ ಹಾಕಲಿಲ್ಲ.