ತೂಬಿನ ಬಳಿ ನಿಂತ ಕೊಕ್ಕರೆ

ಮಾವು ಹೂ ಬಿಟ್ಟ ಕಾಲ. ಕೆರೆಯ ನೀರು ತಗ್ಗಿ, ತೂಬಿನ ಹತ್ತಿರದ ಮಡುವಿನಲ್ಲಷ್ಟೇ ಉಳಿದಿತ್ತು. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಅಲ್ಲಿ ಹಕ್ಕಿಗಳ ಗಲಾಟೆ ತಡೆಯಲಾಗುತ್ತಿರಲಿಲ್ಲ. ಈ ವರ್ಷ ಹಕ್ಕಿಗಳೇನೋ ಬಂದಿದ್ದವು, ಆದರೆ ಕೂಗುತ್ತಿರಲಿಲ್ಲ. ಬೆಳಗಿನ ಮಂಜಿನಲ್ಲಿ ಸುಮ್ಮನೆ ನಿಂತಿರುತ್ತಿದ್ದವು. ಬಟ್ಟೆ ಒಗೆಯುವ ಹೆಂಗಸರು ಕೈಯಳತೆಗೆ ಹೋದರೂ ಹಾರುತ್ತಿರಲಿಲ್ಲ. ದಿನಾ ಒಂದೋ ಎರಡೋ ಕೆಸರಿನಲ್ಲಿ ಮಗುಚಿ ಬಿದ್ದಿರುತ್ತಿದ್ದವು.

ಊರ ಬಾಯಿ ಸುಮ್ಮನಿರುತ್ತದೆಯೇ? ಗಾಳಿ ಸೋಕಿದೆ ಎಂದರು ಕೆಲವರು. ಏರಿಯ ಮೇಲಿನ ಮುನೇಶ್ವರನಿಗೆ ಕೋಪ ಬಂದಿದೆ ಎಂದರು ಇನ್ನು ಕೆಲವರು. ದಿನಾ ಅಲ್ಲಿ ಬಟ್ಟೆ ಒಗೆಯಲು ಬರುತ್ತಿದ್ದ ಮುನಿಗಂಗಮ್ಮನ ಲೆಕ್ಕವೇ ಬೇರೆ. ಅವಳು ಕಣ್ಣಾರೆ ನೋಡಿದ್ದಳು.

ಕೆರೆಯಂಗಳದ ಜಾಲಿ ಮರದ ಕೆಳಗೆ ಒಂದು ಕರಿ ಗುಡ್ಡೆ. ಅದಕ್ಕೆ ಒಂದೇ ಕಣ್ಣು, ಅದೂ ಗಾಜಿನದು. ಹಕ್ಕಿ ಎತ್ತ ನಡೆದರೆ ಆ ಕಣ್ಣು ಅತ್ತ ತಿರುಗುತ್ತಿತ್ತು. ಆಮೇಲೆ ಟಿಕ್ ಎನ್ನುತ್ತಿತ್ತು. ಮೊದಲ ಸಲ ನೋಡಿದಾಗ ಅವಳು ಬಟ್ಟೆ ಗಂಟನ್ನೇ ಬಿಟ್ಟು ಓಡಿದ್ದಳು.

ಗುಡ್ಡೆಯೊಳಗಿದ್ದವನು ಅಬ್ದುಲ್ ರಜಾಕ್. ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಫೋಟೋ ಸ್ಟುಡಿಯೋ. ಮದುವೆ, ಸೀಮಂತದ ಫೋಟೋ ಹೊಟ್ಟೆಪಾಡಿಗೆ, ಹಕ್ಕಿ ಫೋಟೋ ಹುಚ್ಚಿಗೆ. ಹಕ್ಕಿ ಹೆದರಬಾರದೆಂದು ಕರಿ ಕಂಬಳಿ ಹೊದ್ದು, ಕ್ಯಾಮೆರಾದ ಮೂತಿಯೊಂದನ್ನೇ ಹೊರಗೆ ಚಾಚಿ, ಗಂಟೆಗಟ್ಟಲೆ ಕೂರುತ್ತಿದ್ದ. ಇದೆಲ್ಲ ತಿಳಿದ ಮೇಲೂ ಮುನಿಗಂಗಮ್ಮನ ಎದೆ ತಣ್ಣಗಾಗಲಿಲ್ಲ. ಆ ಕಣ್ಣು ನೋಡಿದ ಹಕ್ಕಿಗಳೇ ಸಾಯುತ್ತಿದ್ದವು. ಅದೇ ಕಣ್ಣು ಹೋದ ತಿಂಗಳು ಅವಳ ಮಗಳು ಶಾಮಲಮ್ಮನನ್ನೂ ನೋಡಿತ್ತು. ತುಂಬಿದ ಬಸುರಿ ಶಾಮಲಮ್ಮ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಸೀಮಂತದ ದಿನ ಫೋಟೋಗೆ ಕೂತಿದ್ದಳು.

ಒಂದು ದಿನ ಬೆಳಿಗ್ಗೆ ಮುನಿಗಂಗಮ್ಮನ ಗಂಡ ಚನ್ನರಾಯಪ್ಪ ತನ್ನ ಚೌಕಳಿ ಟವೆಲ್ಲಿನಲ್ಲಿ ಮೀನು ಕಟ್ಟಿಕೊಂಡು ಬಂದ.

"ಗಾಳ ಇಲ್ಲ, ಬಲೆ ಇಲ್ಲ. ಕೈಯಲ್ಲೇ ಸಿಕ್ಕಿಬಿಟ್ವು ಕಣೇ! ತೇಲ್ತಾ ಇದ್ವು. ಮಗಳು ಮೀನು ಸಾರು ಅಂತಿದ್ಲಲ್ಲ, ಮಾಡು."

"ಮಡುವಿನ ಹತ್ರ ಹೋಗಿದ್ರಾ? ಸಾಬ್ರು ಇದ್ರಾ?"

"ಕೂತವ್ನೆ. ಅವನ ಮುಂದೇನೇ ಇನ್ನೊಂದು ಕೊಕ್ಕರೆ ಒರಗಿಕೊಂತು."

ಮುನಿಗಂಗಮ್ಮ ಮೀನು ಹಸನು ಮಾಡಿದಳು. ಕರುಳನ್ನು ಹಿತ್ತಲ ಕೋಳಿಗಳಿಗೆ ಎಸೆದಳು. ಸಾರಿಗಿಟ್ಟು, ಉರಿ ನೋಡಿಕೊಳ್ಳಲು ಮಗಳಿಗೆ ಹೇಳಿ, ಸೆರಗು ಸಿಕ್ಕಿಸಿಕೊಂಡು ಕೆರೆಗೆ ಹೊರಟಳು. ಇವತ್ತು ಆ ಫೋಟೋ ವಾಪಸ್ ಪಡೆದೇ ತೀರಬೇಕು.

ಕೆರೆಯಂಗಳದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಕಪ್ಪೆಯ ಸದ್ದೂ ಇಲ್ಲ. ತೂಬಿನ ಕಲ್ಲಿನ ಪಕ್ಕ ಮೊಣಕಾಲುದ್ದ ನೀರಿನಲ್ಲಿ ಒಂದು ಕೊಕ್ಕರೆ ನಿಂತಿತ್ತು. ಅವಳು ಹತ್ತಿರ ಹೋದಳು. ಅದು ಹಾರಲಿಲ್ಲ. ಅವಳನ್ನೇ ನೋಡಿತು. ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ದನಿ ಮಾತ್ರ ಹೊರಡಲಿಲ್ಲ. ರೆಕ್ಕೆಗಳು ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ನೋಡನೋಡುತ್ತಿದ್ದಂತೆ ಕತ್ತು ಬಾಗಿ, ಹಕ್ಕಿ ಮೆಲ್ಲಗೆ ನೀರಿಗೊರಗಿತು. ಅದರ ಕಾಲುಗಳು ಇನ್ನೂ ಅದುರುತ್ತಿದ್ದವು.

"ಅಕ್ಕಾ, ಮುಟ್ಟಬೇಡಿ!" ಎಂದಿತು ಕರಿ ಗುಡ್ಡೆ.

ಮುನಿಗಂಗಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ರಜಾಕ್ ಕಂಬಳಿ ಸರಿಸಿ ಎದ್ದು ಬಂದ.

"ಸಾಬ್ರೇ, ನಿಮ್ಮ ಕಾಲು ಹಿಡ್ಕೊಂತೀನಿ. ನನ್ನ ಮಗಳ ಫೋಟೋ, ಅದರ ರೀಲು, ಎಲ್ಲಾ ಕೊಟ್ಬಿಡಿ. ಸುಟ್ಟಾಕ್ತೀನಿ."

"ಯಾಕಕ್ಕಾ, ಚೆನ್ನಾಗಿ ಬಂದಿಲ್ವಾ?"

"ಚೆನ್ನಾಗೇ ಬಂದೈತೆ. ಅದಕ್ಕೇ ಭಯ. ನಿಮ್ಮ ಡಬ್ಬಿ ನೋಡಿದ್ದೆಲ್ಲಾ ಸಾಯ್ತಾ ಐತಲ್ಲ!"

ರಜಾಕ್ ಸಿಟ್ಟಾಗಲಿಲ್ಲ. ಅವನ ಮುಖವೂ ಬಾಡಿತ್ತು. "ತೌಬಾ, ನನಗೂ ರಾತ್ರಿಯೆಲ್ಲಾ ಇದೇ ಯೋಚನೆ ಅಕ್ಕಾ. ಹೋದ ವಾರ ತೆಗೆದ ರೀಲನ್ನ ತೊಳೆದು ನೋಡಿದ ಮೇಲೆ ಗೊತ್ತಾಯ್ತು. ಇಲ್ಲಿ ನೋಡಿ." ಚೀಲದಿಂದ ಒಂದು ಫೋಟೋ ತೆಗೆದು ಕೊಟ್ಟ.

ಫೋಟೋದಲ್ಲಿ ಇದೇ ಜಾಗ. ಕೊಕ್ಕರೆಯೊಂದು ಗಟ್ಟಿಯಾಗಿ ನಿಂತು ಮೀನು ಕಚ್ಚಿದೆ. ಅದರ ಹಿಂದೆ ತೂಬಿನ ಕಲ್ಲಿನ ಮೇಲೆ ನಾಲ್ಕಾರು ಗಂಡಸರು ಬಗ್ಗಿದ್ದಾರೆ, ಮಾವಿಗೆ ಔಷಧಿ ಹೊಡೆಯುವ ಪಂಪುಗಳನ್ನು ತೊಳೆಯುತ್ತಿದ್ದಾರೆ. ಹಾಲಿನಂಥ ಬಿಳಿ ನೀರು ಹರಿದು ಹಕ್ಕಿಯ ಕಾಲಿನವರೆಗೂ ಬಂದಿದೆ. ಅವರಲ್ಲೊಬ್ಬನ ಹೆಗಲ ಮೇಲೆ ಚೌಕಳಿ ಟವೆಲ್. ಆ ಟವೆಲ್ ಯಾರದೆಂದು ಮುನಿಗಂಗಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

"ಇದು ಕ್ಯಾಮೆರಾ ಕೆಲಸ ಅಲ್ಲ ಅಕ್ಕಾ. ಔಷಧಿ ನೀರಿಗೆ ಬಿತ್ತು, ನೀರಿಂದ ಮೀನಿಗೆ ಹೋಯ್ತು, ಮೀನಿಂದ ಹಕ್ಕಿಗೆ. ಈ ಮೀನು ಯಾರೂ ತಿನ್ನಬಾರದು ಅಂತ ಆಸ್ಪತ್ರೆ ಡಾಕ್ಟ್ರೂ ಹೇಳಿದ್ರು. ಊರವರಿಗೆ ಹೇಳೋಣ ಅಂತಲೇ ಬಂದೆ. ಸಾಯೋ ಹಕ್ಕಿ ಫೋಟೋನೂ ಸಾಕ್ಷಿಗಿರಲಿ ಅಂತ ಕೂತಿದ್ದೆ, ಮಂಜಲ್ಲಿ ಮಡುವಿಗೆ ಯಾರು ಬಂದ್ರೋ ಕಾಣಲಿಲ್ಲ."

ಅವನ ಮಾತು ಮುಗಿಯುವ ಮೊದಲೇ ಮುನಿಗಂಗಮ್ಮ ಓಡುತ್ತಿದ್ದಳು. ಏರಿ ಹತ್ತಿ, ಹಿಪ್ಪುನೇರಳೆ ತೋಟ ಹಾಯ್ದು, ಹಿತ್ತಲಿಗೆ ಬಂದಳು. ಅಲ್ಲಿ ಕಾಲು ತಾನಾಗಿ ನಿಂತಿತು. ಕೋಳಿಗಳು ಒಂದೂ ಕೆದಕುತ್ತಿರಲಿಲ್ಲ. ರೆಕ್ಕೆ ಜೋತುಬಿಟ್ಟು ನಿಂತಿದ್ದವು. ಒಂದು ಆಗಲೇ ಮಗುಚಿ ಬಿದ್ದಿತ್ತು. ಉಳಿದವು ಅವಳನ್ನು ನೋಡಿ ಕೊಕ್ಕು ತೆರೆದವು, ಮುಚ್ಚಿದವು. ಸದ್ದಿಲ್ಲ.

ಒಳಗೆ ಶಾಮಲಮ್ಮ ತಟ್ಟೆಯ ಮುಂದೆ ಕೂತಿದ್ದಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಕೈ ಎತ್ತಿದ್ದಳು. ಮುನಿಗಂಗಮ್ಮ ಹಾರಿ ಬಂದು ಆ ಕೈಗೆ ಹೊಡೆದಳು. ತಟ್ಟೆ ಗೋಡೆಗೆ ಬಡಿಯಿತು.

"ಬಾಯಿಗಿಟ್ಯಾ? ಹೇಳೇ, ಬಾಯಿಗಿಟ್ಯಾ?"

"ಇಲ್ಲಮ್ಮಾ! ಇದೇ ಮೊದಲ ತುತ್ತು. ಏನಾಯ್ತೇ ನಿನಗೆ?"

ಮುನಿಗಂಗಮ್ಮ ಮಗಳ ಹೊಟ್ಟೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಳು ಕೇಳಿ ಚನ್ನರಾಯಪ್ಪ ಓಡಿ ಬಂದ. ಹಿಂದೆಯೇ ಏದುಸಿರು ಬಿಡುತ್ತ ರಜಾಕ್ ಬಂದ. ವಿಷಯ ಕೇಳಿ ಚನ್ನರಾಯಪ್ಪ ಮೊದಲು ನಂಬಲಿಲ್ಲ.

"ಏನ್ ಸಾಬೂ, ಅಷ್ಟು ದೊಡ್ಡ ಕೆರೆಗೆ ಒಂದು ಪಂಪು ತೊಳೆದ್ರೆ ಏನಾಗ್ತದೆ?"

"ಕೆರೆ ಎಲ್ಲಿದೆ ಅಣ್ಣಾ? ಈಗಿರೋದು ಮಡು. ತೊಳೆಯೋರು ನೀವೊಬ್ರೇನಾ? ತೋಟ ಇರೋರೆಲ್ಲಾ ಅಲ್ಲೇ ತೊಳೀತಾರೆ."

"ಮನೆ ಹತ್ರ ತೊಳೆಯೋಕಾಗ್ತದಾ? ಮನೇಲಿ ರೇಷ್ಮೆ ಹುಳ ಐತೆ. ಔಷಧಿ ವಾಸನೆ ಬಡಿದ್ರೆ ಸಾಕು, ತಟ್ಟೆಗಟ್ಟಲೆ ಸಾಯ್ತವೆ. ಅದಕ್ಕೇ ಅಲ್ವಾ ದೂರ ತಗೊಂಡು ಹೋಗೋದು!"

ಮುನಿಗಂಗಮ್ಮ ಕಣ್ಣೊರೆಸಿಕೊಂಡು ಎದ್ದಳು. "ಹುಳ ಸಾಯ್ತದೆ ಅಂತ ಗೊತ್ತಿತ್ತು ನಿಮಗೆ. ಹುಳಾನ ಕಾಪಾಡಿದ್ರಿ. ಆ ವಿಷಾನ ಊರೆಲ್ಲಾ ಬಳಸೋ ನೀರಿಗೆ ಹಾಕಿ ಬಂದ್ರಿ. ಹಿತ್ತಲಿಗೆ ಹೋಗಿ ನೋಡಿ ಬನ್ನಿ."

ಚನ್ನರಾಯಪ್ಪ ಹಿತ್ತಲಿಗೆ ಹೋದ. ಬಂದವನೇ ಸಾರಿನ ಮಡಕೆಯನ್ನು ಮಣೆಯಿಂದ ಎತ್ತಿಕೊಂಡು ಹೋಗಿ, ಹಾಳು ನೆಲದಲ್ಲಿ ಆಳವಾಗಿ ಗುಂಡಿ ತೋಡಿ ಹೂತ. ಸತ್ತ ಕೋಳಿಗಳನ್ನೂ ಹೂತ. ಕೈಗೆ ಸಾರು ತಾಗಿದ್ದರಿಂದ ಮಗಳ ಕೈಯನ್ನು ಸೋಪು ಹಾಕಿ ತೊಳೆಸಿದರು, ಮುಂದಿನ ಬಸ್ಸಿಗೇ ಆಸ್ಪತ್ರೆಗೆ ಕರೆದೊಯ್ದರು. ತಾಯಿ ಮಗು ಕ್ಷೇಮ ಎಂದು ಡಾಕ್ಟರು ಹೇಳುವವರೆಗೂ ಚನ್ನರಾಯಪ್ಪ ಗೋಡೆಗೆ ಹಣೆ ಕೊಟ್ಟು ನಿಂತಿದ್ದ.

ಆ ಸಂಜೆ ಅವನೇ ಫೋಟೋ ಹಿಡಿದು ಮನೆ ಮನೆಗೆ ಹೋದ. "ಇಲ್ಲಿ ಬಗ್ಗಿರೋದು ನಾನೇ ಕಣ್ರೋ," ಎಂದು ಬೆರಳಿಟ್ಟು ತೋರಿಸಿದ. ನಕ್ಕವರನ್ನು ತನ್ನ ಹಿತ್ತಲಿಗೆ ಕರೆದು ಬರಿದಾದ ಕೋಳಿ ಗೂಡು ತೋರಿಸಿದ. ಆಮೇಲೆ ಯಾರೂ ನಗಲಿಲ್ಲ. ಮಡುವಿನ ನೀರನ್ನು ದನಕ್ಕೂ ಕುಡಿಸಬಾರದು, ಮೀನನ್ನು ಮುಟ್ಟಬಾರದು ಎಂದು ಊರೇ ಒಪ್ಪಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಔಷಧಿ ಪಂಪು ಇದೆ, ನಿಮ್ಮೂರಲ್ಲೂ ಕೆರೆ ಇದೆ. ಪಂಪನ್ನು ಕೆರೆ, ಬಾವಿ, ಕಾಲುವೆಯಲ್ಲಿ ತೊಳೆಯಬೇಡಿ. ತೋಟದಲ್ಲೇ ತೊಳೆಯಿರಿ, ತೊಳೆದ ನೀರನ್ನು ಅದೇ ಗಿಡಗಳಿಗೆ ಹೊಡೆಯಿರಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಕಾಳು ಏನನ್ನೂ ಇಡಬೇಡಿ. ಔಷಧಿ ಹೊಡೆದ ಮೇಲೆ ಬಟ್ಟೆ ಬದಲಿಸಿ, ಸೋಪು ಹಾಕಿ ಮೈ ತೊಳೆದುಕೊಳ್ಳಿ. ಯಾರಿಗಾದರೂ ತಲೆ ಸುತ್ತಿ, ಜೊಲ್ಲು ಸುರಿದು, ಮೈ ನಡುಗಿದರೆ ಮಂತ್ರ, ತಾಯಿತ ಎಂದು ಕಾಯಬೇಡಿ. ಔಷಧಿಯ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ.

ಬಲೆಯಿಲ್ಲದೆ ಕೈಗೆ ಸಿಕ್ಕ ಮೀನು ಪುಕ್ಕಟೆ ಊಟವಲ್ಲ. ಅದನ್ನು ಮನೆಯೊಳಗೆ ತರಬೇಡಿ. ಶಾಮಲಮ್ಮನ ಕೈ ತಡೆಯಲು ತಾಯಿ ಓಡಿ ಬಂದಳು. ಎಲ್ಲ ಮನೆಗೂ ಯಾರಾದರೂ ಹೊತ್ತಿಗೆ ಸರಿಯಾಗಿ ಓಡಿ ಬರುತ್ತಾರೆಂದು ಹೇಳಲಾಗದು.