ನುಂಗಿದ ಮಾತು

ಸಂಧಾನದ ಮೇಜಿನಲ್ಲಿ ಆ ದಿನ ಇದ್ದ ದುಭಾಷಿ ಅವಳೊಬ್ಬಳೇ. ಎದುರು ದೇಶದ ದುಭಾಷಿ ಜ್ವರ ಬಂದು ಹೋಟೆಲ್ ಕೋಣೆಯಲ್ಲಿ ಮಲಗಿದ್ದರಿಂದ ಎರಡೂ ಕಡೆಯ ಮಾತಿನ ಹೊರೆ ಅವಳ ಮೇಲೇ ಬಿದ್ದಿತ್ತು. ಇಪ್ಪತ್ತೆರಡು ವರ್ಷದ ಅನುಭವ. "ಮಂತ್ರಿಗಳು ಕೆಮ್ಮಿದರೆ ಅದನ್ನೂ ಅನುವಾದ ಮಾಡ್ತಾಳೆ" ಅಂತ ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದರು.

ಒಂದು ವಿಷಯ ಮಾತ್ರ ಅವಳು ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಶತ್ರು ವಿಮಾನಗಳು ಗಡಿಯ ಆಸ್ಪತ್ರೆಯ ಮೇಲೆ ಬಾಂಬು ಹಾಕಿದಾಗ ಸತ್ತವರಲ್ಲಿ ಅವಳ ಅಣ್ಣನೂ ಒಬ್ಬ. ಅಲ್ಲಿ ಎಕ್ಸ್-ರೇ ತೆಗೆಯುವ ಕೆಲಸದಲ್ಲಿದ್ದ. ಹೇಳಿದ್ದರೆ ಅವಳನ್ನು ಈ ಮೇಜಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಬೆಳಿಗ್ಗೆಯೇ ಅವಳ ಕಡೆಯ ನಿಯೋಗದ ಮುಖ್ಯಸ್ಥರು ಖಡಾಖಂಡಿತವಾಗಿ ಹೇಳಿದ್ದರು: "ಆಸ್ಪತ್ರೆ ವಿಷಯಕ್ಕೆ ಅವರು ಬಾಯಿಬಿಟ್ಟು ಕ್ಷಮೆ ಕೇಳಲಿ, ಇವತ್ತೇ ಕದನವಿರಾಮಕ್ಕೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಎದ್ದು ಹೋಗ್ತೀನಿ."

ಹನ್ನೊಂದರ ಹೊತ್ತಿಗೆ ಆ ಕಡೆಯ ಮಂತ್ರಿ, ಎಪ್ಪತ್ತು ದಾಟಿದ ಮುದುಕ, ಬರೆದು ತಂದಿದ್ದ ಹಾಳೆಯನ್ನು ಪಕ್ಕಕ್ಕಿಟ್ಟ. ತಲೆ ತಗ್ಗಿಸಿ ತನ್ನ ಭಾಷೆಯಲ್ಲಿ ಹೇಳಿದ: "ಅದು ನಾವೇ ಮಾಡಿದ ತಪ್ಪು. ಸತ್ತವರ ಮನೆಯವರಲ್ಲಿ ಕ್ಷಮೆ ಕೇಳುತ್ತೇನೆ."

ದುಭಾಷಿಯಾದವಳು ಮಾತಾಡಿದವರ ಜಾಗದಲ್ಲಿ ನಿಂತು 'ನಾನು' ಎಂದೇ ಹೇಳಬೇಕು. ಅಣ್ಣನನ್ನು ಕೊಂದವರ ಪರವಾಗಿ ತಾನು ಕ್ಷಮೆ ಕೇಳುವುದೇ? ಇಷ್ಟು ಸುಲಭವಾಗಿ ಇವನು ಕೈ ತೊಳೆದುಕೊಳ್ಳುವುದೇ? ಒಂದು ಗುಟುಕು ನೀರು ಕುಡಿದು ತಣ್ಣಗೆ, "ಆಗಬಾರದ್ದು ಆಗಿಹೋಯಿತು. ಸತ್ತವರ ಮನೆಯವರ ಬಗ್ಗೆ ನನಗೆ ಮರುಕವಿದೆ" ಅಂದಳು.

ಮುಖ್ಯಸ್ಥರ ಮುಖ ಕೆಂಡವಾಯಿತು. "ಮರುಕವಂತೆ!" ಎನ್ನುತ್ತಾ ಕುರ್ಚಿ ತಳ್ಳಿ ಎದ್ದೇಬಿಟ್ಟರು. ಮುದುಕ ಏನೂ ತೋಚದೆ ಅವಳನ್ನೇ ನೋಡಿದ. ಅವಳು ಪೆನ್ನಿನ ಮುಚ್ಚಳ ಹಾಕುತ್ತಾ ಕೂತಳು.

ಸಂಜೆಯೊಳಗೆ ಬಾಯಿ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಊಟ ಆಗಲಿ, ಬೆಳಗಾಗಲಿ ಅಂತ ಮುಂದೂಡಿದಳು. ಬೆಳಗಾಗುವಷ್ಟರಲ್ಲಿ ಮುದುಕ ವಿಮಾನ ಹತ್ತಿಯಾಗಿತ್ತು. ಶತ್ರುವಿನ ಮುಂದೆ ತಲೆ ಬಾಗಿಸಿ ಬರಿಗೈಯಲ್ಲಿ ಬಂದ ಅಂತ ಅವನ ದೇಶದವರು ಮಂತ್ರಿಗಿರಿಯಿಂದಲೇ ಅವನನ್ನು ಕಿತ್ತುಹಾಕಿದರು. ಮೂರನೆಯ ದಿನ ಗಡಿಯಲ್ಲಿ ಫಿರಂಗಿಗಳು ಮತ್ತೆ ಗುಡುಗಿದವು. ಈ ಸಲ ಹೊಡೆದದ್ದು ಅವಳ ಕಡೆಯವರು, ಏಟು ಬಿದ್ದದ್ದು ಆ ಕಡೆಯ ಒಂದು ಬಸ್ ನಿಲ್ದಾಣಕ್ಕೆ. ಹತ್ತೊಂಬತ್ತು ಜನ ಸತ್ತರು.

ಅವತ್ತು ಅವಳು ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನನಗೆ ಹೇಳಿದ್ರಲ್ಲ, ಇಲ್ಲಿಗೇ ಮುಗೀತು. ಹೊರಗೆ ಉಸಿರೆತ್ತಬೇಡಿ, ದೇಶದ ಮಾನ ಹೋಗುತ್ತೆ."

"ಅಲ್ಲಿ ಸತ್ತವರಿಗೆ ಏನು ಹೇಳೋಣ, ಸಾರ್?"

"ಹೋಗಮ್ಮ" ಅಂದರು. ಬೈದಿದ್ದರೂ ಚೆನ್ನಾಗಿರುತ್ತಿತ್ತು.

ಅವಳು ಸುಮ್ಮನಿರಲಿಲ್ಲ. ಮಧ್ಯಸ್ಥಿಕೆ ವಹಿಸಿದ್ದ ದೇಶದವರಿಗೆ ಪತ್ರ ಬರೆದಳು, ಕೆಲಸ ಕಳೆದುಕೊಂಡಳು. ಪತ್ರದಿಂದಲೋ ಎರಡೂ ಕಡೆ ಸುಸ್ತಾಗಿಯೋ, ತಿಂಗಳಾದ ಮೇಲೆ ಬೇರೆ ಯಾರೋ ಕೂತು ಕದನವಿರಾಮಕ್ಕೆ ಸಹಿ ಹಾಕಿದರು. ಆ ಕಾಗದದಲ್ಲಿ ಆಸ್ಪತ್ರೆಯ ಹೆಸರೇ ಇರಲಿಲ್ಲ.

ಅದಾದ ಮೇಲೆ ಅತ್ತಿಗೆಯ ಮನೆಗೆ ಹೋದಳು. ಅತ್ತಿಗೆ ಹೊಲಿಗೆ ಮಷೀನಿನ ಮುಂದೆ ಕೂತಿದ್ದರು.

"ಪೇಪರಲ್ಲಿ ಓದಿದೆ ಪುಟ್ಟಿ. ಅಷ್ಟು ಜನ ದೊಡ್ಡವರು ಸೇರಿದ್ರಲ್ಲ, ಒಬ್ಬರಿಗಾದ್ರೂ ಕ್ಷಮಿಸಿ ಅನ್ನಬೇಕು ಅನ್ನಿಸಲಿಲ್ವಾ?"

"ಅಂದ್ರು, ಅತ್ತಿಗೆ. ಆ ಕಡೆಯ ಮುದುಕ ಮಂತ್ರಿ ಅಂದ. ನಾನೇ ಅದನ್ನ ನುಂಗಿಬಿಟ್ಟೆ. ಅಣ್ಣ ನೆನಪಾಗಿ..."

"ನಿಮ್ಮಣ್ಣನ್ನ ಇದರಲ್ಲಿ ಎಳೀಬೇಡ." ಮಷೀನು ನಿಂತಿತು. "ಎರಡು ವರ್ಷದಿಂದ ಅದೊಂದು ಮಾತಿಗೆ ಕಾದಿದೀನಿ. ಅವನು ಕ್ಷಮೆ ಕೇಳಿದ್ದು ನನ್ನ ಹತ್ರ. ಕ್ಷಮಿಸೋದು ಬಿಡೋದು ನನಗೆ ಸೇರಿದ್ದು. ಮಧ್ಯದಲ್ಲಿ ನೀನ್ಯಾರೇ?"

ಅತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ಅಣ್ಣನ ಮಗಳು ಶಾಲೆಯಿಂದ ಬಂದು, "ಅತ್ತೆ! ಯಾವಾಗ ಬಂದೆ?" ಎನ್ನುತ್ತಾ ಕುತ್ತಿಗೆಗೆ ಜೋತುಬಿದ್ದಳು. ಮಗುವನ್ನು ತಬ್ಬಿಕೊಳ್ಳಲು ಅವಳಿಗೆ ಕೈ ಏಳಲಿಲ್ಲ.